ಅಪ್ಪನ ಕೈಗೆ ಎರಡನೇ ಜಾಯ್‌ಸ್ಟಿಕ್: ಕಣ್ಣು ಕಾಣದವರು ಹಳೇ ವಿಡಿಯೋ ಗೇಮ್ ಆಡಬಹುದಾ?

ಓದುಗರ ಪ್ರಶ್ನೆ: ನನಗೆ 38 ವರ್ಷ, ಊರು ದಾವಣಗೆರೆ. ಕಣ್ಣಿನ ಒಳಪರದೆ ನಿಧಾನವಾಗಿ ಹಾಳಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ ಇದೆ. ಎಡಗಣ್ಣಿಗೆ ಬೆಳಕು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಬಲಗಣ್ಣಲ್ಲಿ ನಡುವೆ ಒಂದು ಕೊಳವೆಯಷ್ಟು ಕಾಣುತ್ತದೆ, ಅದೂ ಮಂಜು ಮಂಜು. ಚಿಕ್ಕವನಿದ್ದಾಗ ಬೇಸಿಗೆ ರಜೆ ಪೂರ್ತಿ ಕ್ಯಾಸೆಟ್ ಹಾಕಿ ಕಾಂಟ್ರಾ, ಮಾರಿಯೋ, ಡಕ್ ಹಂಟ್ ಆಡುತ್ತಿದ್ದೆ. ಈಗ ನನ್ನ ಮಗನಿಗೆ 9 ವರ್ಷ. ಟಿವಿಗೆ ಚುಚ್ಚುವ ಒಂದು ಗೇಮ್ ಸ್ಟಿಕ್ ತರಿಸಿದ್ದೇವೆ, ಅದರಲ್ಲಿ ಹಳೇ ಆಟಗಳೆಲ್ಲ ಇವೆ. ಮೊನ್ನೆ ನನ್ನ ಕೈಗೆ ಎರಡನೇ ಜಾಯ್‌ಸ್ಟಿಕ್ ಕೊಟ್ಟು "ಅಪ್ಪ, ನೀನೂ ಆಡು" ಎಂದ. ಅರ್ಧ ಗಂಟೆ ಬಟನ್ ಒತ್ತಿದೆ. ಅದು ಆನ್ ಆಗಿರಲೇ ಇಲ್ಲ ಅಂತ ಆಮೇಲೆ ನನ್ನ ಹೆಂಡತಿ ಹೇಳಿದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನನ್ನ ಪ್ರಶ್ನೆಗಳು ಇವು. ಕಣ್ಣು ಕಾಣದವರು ಹಳೇ ಗೇಮ್‌ಗಳನ್ನು ನಿಜವಾಗಿ ಆಡಬಹುದಾ? ವಿಡಿಯೋಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುತ್ತಾರಲ್ಲ, ಹಾಗೆ ನಾನೂ ಕಲಿಯಬಹುದಾ? ಫೋನಿನಲ್ಲಿ ಒಬ್ಬರು "ಅಂಧರಿಗೆಂದೇ ಮಾಡಿದ ಗೇಮ್ ಬಾಕ್ಸ್" ಎಂದು 14 ಸಾವಿರ ರೂಪಾಯಿ ಹೇಳುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಮೊದಲು ಆ ಜಾಯ್‌ಸ್ಟಿಕ್ ವಿಷಯ. ಮಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಾನೂ ಇದನ್ನು ಅನುಭವಿಸಿದವನೇ. ನನ್ನ ದೃಷ್ಟಿ ಹೋಗಿದ್ದು ಹನ್ನೊಂದನೇ ವಯಸ್ಸಿಗೆ. ನನ್ನ ಅಣ್ಣ ಎರಡು ವರ್ಷ ನನಗೆ ವೈರ್ ಚುಚ್ಚದ ಜಾಯ್‌ಸ್ಟಿಕ್ ಕೊಟ್ಟು "ಸೂಪರ್ ಆಡ್ತಿದೀಯ" ಅನ್ನುತ್ತಿದ್ದ. ನಿಮ್ಮ ಮಗನಿಗೆ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಆಸೆ. ಕೂತಮೇಲೆ ಏನು ಮಾಡಿಸಬೇಕು ಅನ್ನುವುದು ಮಾತ್ರ ಗೊತ್ತಿಲ್ಲ. ಅದನ್ನು ನಾವು ಕಂಡುಹಿಡಿಯೋಣ. ನಾನು ಹದಿನೈದು ವರ್ಷದಿಂದ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಿಡಿದು ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಭಾನುವಾರ ಹೊಸದಾಗಿ ದೃಷ್ಟಿ ಕಳೆದುಕೊಂಡವರಿಗೆ ಕಂಪ್ಯೂಟರ್ ಕಲಿಸುತ್ತೇನೆ. ನಿಮ್ಮ ಪ್ರಶ್ನೆಯನ್ನು ಕೇಳುವವರು ನೀವಂದುಕೊಂಡಿದ್ದಕ್ಕಿಂತ ಜಾಸ್ತಿ.

ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಕೆಲವು ಆಟ ನಿಜವಾಗಿ ಆಡಬಹುದು. ಕೆಲವನ್ನು ಮಗನ ಬಾಯಿಮಾತಿನ ಸಹಾಯದಿಂದ ಆಡಬಹುದು. ಕೆಲವನ್ನು ಕಂಪ್ಯೂಟರಿನಲ್ಲಿ ಒಂದಿಷ್ಟು ಕಸರತ್ತು ಮಾಡಿ ಆಡಬಹುದು. ಕಾಂಟ್ರಾವನ್ನು ಚಿಕ್ಕಂದಿನಲ್ಲಿ ಆಡಿದ ಹಾಗೆ ಒಬ್ಬರೇ ಕೂತು ಆಡಲು ಆಗುವುದಿಲ್ಲ. ಆಗುತ್ತದೆ ಎಂದು ಹೇಳಿ ನಿಮ್ಮ ಒಂದು ತಿಂಗಳು ಹಾಳು ಮಾಡಲಾರೆ.

"ಹಳೇ ಆಟ ಸರಳ, ಬಟನ್ ಕಮ್ಮಿ, ಹಾಗಾಗಿ ನಮ್ಮಂಥವರಿಗೆ ಸುಲಭ" ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಇದು ತಲೆಕೆಳಗಾದ ಮಾತು. ಬಟನ್ ಎಷ್ಟಿವೆ ಅನ್ನುವುದು ನಮಗೆ ಲೆಕ್ಕವೇ ಅಲ್ಲ. ಯಾವುದು ಎಲ್ಲಿದೆ ಎಂದು ಆಟ ನಮಗೆ ಹೇಳುತ್ತದಾ ಇಲ್ಲವಾ, ಅದಷ್ಟೇ ಲೆಕ್ಕ. ಹೇಳುವ ದಾರಿ ಎರಡು. ಒಂದು ಸದ್ದು, ಇನ್ನೊಂದು ಓದಿಸಬಹುದಾದ ಅಕ್ಷರ. ನಿಮ್ಮ ಸ್ಟಿಕ್‌ನಲ್ಲಿರುವ ಎಂಟು ಬಿಟ್ ಕಾಲದ ಆಟಗಳು ಎರಡರಲ್ಲೂ ಬಡವು.

ಸದ್ದಿನ ವಿಷಯ ನೋಡಿ. ನಾವು ಆಡುತ್ತಿದ್ದ ಸೆಟ್‌ಗಳು ಜಪಾನಿನ ನಿಂಟೆಂಡೋ ಕಂಪನಿಯ ಯಂತ್ರದ ನಕಲುಗಳು. ಆ ಯಂತ್ರದಲ್ಲಿ ಸದ್ದಿಗೆ ಇದ್ದದ್ದು ಐದೇ ಚಾನೆಲ್. ಹೊರಗೆ ಬರುವುದು ಮೋನೋ. ಎಡಗಿವಿ, ಬಲಗಿವಿ ಎಂಬ ಭೇದವೇ ಇಲ್ಲ. ಶತ್ರು ಎಡದಿಂದ ಬಂದರೂ ಬಲದಿಂದ ಬಂದರೂ ಸದ್ದು ಒಂದೇ ಕಡೆ. ಐದು ಚಾನೆಲ್‌ನಲ್ಲೇ ಹಾಡೂ ಬರಬೇಕು, ಸದ್ದೂ ಬರಬೇಕು. ಹಾಗಾಗಿ ಕಾಯಿನ್ ಸದ್ದು ಬಂದಾಗ ಹಾಡಿನ ಒಂದು ಎಳೆ ಒಂದು ಕ್ಷಣ ಮಾಯವಾಗುತ್ತದೆ. ಈ ಸಲ ಕಿವಿಗೊಟ್ಟು ಕೇಳಿ, ಗೊತ್ತಾಗುತ್ತದೆ.

1985ರ ಸೂಪರ್ ಮಾರಿಯೋ ಬ್ರದರ್ಸ್ ತಗೊಳ್ಳಿ. ಹಾರಿದರೆ ಸದ್ದು. ಚಿಕ್ಕ ಮಾರಿಯೋ ಹಾರಿದರೆ ಒಂದು, ದೊಡ್ಡ ಮಾರಿಯೋ ಹಾರಿದರೆ ಇನ್ನೊಂದು. ಇಟ್ಟಿಗೆಗೆ ತಲೆ ತಾಗಿದರೆ ಸದ್ದು. ಆಮೆ ಮೇಲೆ ಕಾಲಿಟ್ಟರೆ ಸದ್ದು. ಸಮಯ 100ಕ್ಕಿಂತ ಕೆಳಗಿಳಿದರೆ ಹಾಡೇ ಓಡತೊಡಗುತ್ತದೆ. ಎಷ್ಟೊಂದು ಸದ್ದು ಅಲ್ವಾ? ಈಗ ಸದ್ದಿಲ್ಲದವನ್ನು ಎಣಿಸಿ. ನಡೆದರೆ ಸದ್ದಿಲ್ಲ. ಹಾರಿ ನೆಲಕ್ಕೆ ಬಂದರೆ ಸದ್ದಿಲ್ಲ. ಪೈಪಿಗೆ ಅಡ್ಡ ನಿಂತರೆ ಸದ್ದಿಲ್ಲ. ಎದುರಿಂದ ಬರುವ ಗೂಂಬಾ ಎಂಬ ಶತ್ರುವಿಗೆ ಸದ್ದಿಲ್ಲ. ಹಳ್ಳಕ್ಕಂತೂ ಇಲ್ಲವೇ ಇಲ್ಲ, ಬಿದ್ದು ಸತ್ತಮೇಲೆ ಆ ಟ್ಯೂನ್ ಬರುತ್ತದೆ ಅಷ್ಟೆ. ನೀವು ಮಾಡಿದ್ದಕ್ಕೆಲ್ಲ ಆಟ ಸದ್ದು ಕೊಡುತ್ತದೆ, ನಿಮಗೆ ಆಗಲಿರುವುದಕ್ಕೆ ಕೊಡುವುದಿಲ್ಲ. ನಮಗೆ ಬೇಕಾದ್ದು ಎರಡನೆಯದು.

ಆದರೂ ಒಂದು ಸಂದು ಇದೆ. ನನಗೆ ಇದು ಸಿಕ್ಕಾಗ ಮಕ್ಕಳ ಥರ ಕುಣಿದಿದ್ದೆ. ಮಾರಿಯೋಗೆ ಹೂವು ಸಿಕ್ಕರೆ ಬೆಂಕಿ ಉಂಡೆ ಎಸೆಯುತ್ತಾನಲ್ಲ? ಆ ಉಂಡೆ ಪೈಪಿಗೋ ಗೋಡೆಗೋ ಬಡಿದರೆ "ಡಬ್" ಎಂದು ಒಂದು ಸದ್ದು ಬರುತ್ತದೆ. ಶತ್ರುವಿಗೆ ಬಡಿದರೆ ಬೇರೆ ಸದ್ದು. ಹಳ್ಳಕ್ಕೆ ಬಿದ್ದರೆ ಏನೂ ಇಲ್ಲ. ನಾವು ರಸ್ತೆಯಲ್ಲಿ ಬಿಳಿ ಕೋಲು ಆಡಿಸುತ್ತೇವಲ್ಲ, ಹಾಗೇ ಬೆಂಕಿ ಉಂಡೆ ಎಸೆಯುತ್ತಾ ಮುಂದೆ ಹೋಗಬಹುದು. "ಡಬ್" ಬಂದರೆ ಹಾರು. ಏನೂ ಬರದಿದ್ದರೆ ಯೋಚಿಸು. ಮೊದಲ ಹಂತದಲ್ಲಿ ನಾಲ್ಕು ಪೈಪ್ ದಾಟಿದ ಮೇಲೆ ಮೊದಲ ಹಳ್ಳ ಬರುತ್ತದೆ. ಹೂವು ಸಿಗುವುದು ಆ ಹಳ್ಳ ದಾಟಿದ ಮೇಲೆ, ಅಲ್ಲಿಯವರೆಗೆ ಈ ಕೋಲು ಕೈಯಲ್ಲಿಲ್ಲ. ಆದರೆ ಒಂದು ಸಲ ಶತ್ರು ತಾಗಿದರೂ ಹೂವಿನ ಶಕ್ತಿ ಹೋಯಿತು, ಕೋಲು ಕೈಯಿಂದ ಬಿದ್ದ ಹಾಗೆ. ನನಗೆ ಆ ಹಳ್ಳ ದಾಟಲು ಮೂರು ಸಂಜೆ ಬೇಕಾಯಿತು. ಎರಡನೇ ಹಂತ ಇವತ್ತಿಗೂ ಒಬ್ಬನೇ ಮುಗಿಸಿಲ್ಲ.

ಇನ್ನು ಅಕ್ಷರದ ವಿಷಯ. "ನನ್ನ ಫೋನು ಎಲ್ಲ ಓದುತ್ತೆ, ಗೇಮ್ ಯಾಕೆ ಓದಲ್ಲ?" ಎಂದು ತರಗತಿಯಲ್ಲಿ ಕೇಳುತ್ತಾರೆ. ಫೋನಿನಲ್ಲಿ ಪರದೆಯ ಹಿಂದೆ ನಿಜವಾದ ಅಕ್ಷರ ಇರುತ್ತದೆ. ಫೋನಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಅಥವಾ ಕಂಪ್ಯೂಟರಿನ ಎನ್‌ವಿಡಿಎ ಅದನ್ನು ಎತ್ತಿಕೊಂಡು ಓದುತ್ತವೆ. ಹಳೇ ಗೇಮ್‌ನಲ್ಲಿ ಅಕ್ಷರ ಎಂಬುದೇ ಇಲ್ಲ. ಅಕ್ಷರದ ಆಕಾರದ ಪುಟ್ಟ ಚಿತ್ರಗಳಿವೆ, ಅಡ್ಡ 8 ಚುಕ್ಕೆ, ಉದ್ದ 8 ಚುಕ್ಕೆ. ಯಂತ್ರಕ್ಕೆ ಗೊತ್ತಿರುವುದು "10ನೇ ಚಿತ್ರ ಹಾಕು" ಎಂದಷ್ಟೇ. ಮಾರಿಯೋದಲ್ಲಿ ಇಂಗ್ಲಿಷಿನ ಮೊದಲ ಅಕ್ಷರ 10ನೇ ಚಿತ್ರ, ಯಾಕೆಂದರೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳು ಮೊದಲು ಕೂತಿವೆ. ಬೇರೆ ಆಟದಲ್ಲಿ ಬೇರೆ ಸಂಖ್ಯೆ ಇರಬಹುದು. ಹೀಗಿರುವಾಗ ಸ್ಕ್ರೀನ್ ರೀಡರ್ ಏನನ್ನು ಓದಬೇಕು? ನಿಮ್ಮ ಸ್ಟಿಕ್‌ನ ಮೆನು ಮಾತಾಡದಿರುವುದಕ್ಕೂ ಹೆಚ್ಚುಕಮ್ಮಿ ಇದೇ ಕಾರಣ.

ವಿಚಿತ್ರ ನೋಡಿ, ಮಾರಿಯೋಗಿಂತ ಹಳೆಯ ಆಟಗಳು ನಮಗೆ ಇನ್ನೂ ಸಲೀಸು. 1976ರ ಅಡ್ವೆಂಚರ್ ಎಂಬ ಗುಹೆಯ ಆಟ, ಆಮೇಲೆ ಬಂದ ಜಾರ್ಕ್, ಇವೆಲ್ಲ ಬರೀ ಅಕ್ಷರದ ಆಟಗಳು. ಆಟ ಹೇಳುತ್ತದೆ: ನೀನು ಒಂದು ಮನೆಯ ಮುಂದೆ ನಿಂತಿದ್ದೀಯ. ನೀವು ಟೈಪ್ ಮಾಡುತ್ತೀರಿ: ಬಾಗಿಲು ತೆಗೆ. ಚಿತ್ರವೇ ಇಲ್ಲದ ಮೇಲೆ ಕಾಣುವವರಿಗೂ ನಮಗೂ ಏನು ವ್ಯತ್ಯಾಸ? ಜಾರ್ಕ್ ಓಡಿಸುವ ಫ್ರಾಟ್ಜ್ ಎಂಬ ಪ್ರೋಗ್ರಾಂ ಇವತ್ತಿನ ಕಂಪ್ಯೂಟರಿನಲ್ಲೂ ನಡೆಯುತ್ತದೆ. ತೊಡಕು ಇಂಗ್ಲಿಷ್. ಎಲ್ಲ ಇಂಗ್ಲಿಷಿನಲ್ಲೇ ಓದಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ನಿಮ್ಮ ಮಗನಿಗೆ ಒಂಬತ್ತು ಅಂದಿರಲ್ಲ, ಅವನಿಗೆ ಇದು ಬೋರ್ ಹೊಡೆಯಬಹುದು. ಮಲಗುವ ಹೊತ್ತಿಗೆ ಕತೆ ಥರ ನೀವು ಆಡುತ್ತಾ ಅವನಿಗೆ ಕನ್ನಡದಲ್ಲಿ ಹೇಳಿ ನೋಡಿ. ಒಬ್ಬರು ಹಾಗೆ ಮಾಡುತ್ತಿದ್ದಾರೆ, ಅವರ ಮಗಳು ನಕ್ಷೆ ಬರೆದುಕೊಂಡು ಕೂರುತ್ತಾಳೆ. ಒಂದು ಎಚ್ಚರಿಕೆ: ಅಕ್ಷರದಲ್ಲಿರುವ ಆಟವೆಲ್ಲ ಓದಲಿಕ್ಕೆ ಬರುವುದಿಲ್ಲ. 1987ರ ನೆಟ್‌ಹ್ಯಾಕ್‌ನಲ್ಲಿ ಪರದೆ ತುಂಬ ಅಕ್ಷರ, ಚಿಹ್ನೆಗಳೇ. ಆದರೆ ಅವು ಪದಗಳಲ್ಲ, ಅವುಗಳಿಂದ ಬಿಡಿಸಿದ ನಕ್ಷೆ. ಸ್ಕ್ರೀನ್ ರೀಡರ್ ಅದನ್ನು ಓದತೊಡಗಿದರೆ ಚುಕ್ಕೆ ಚುಕ್ಕೆ ಗೀಟು ಚುಕ್ಕೆ ಎನ್ನುತ್ತಾ ತಲೆ ತಿನ್ನುತ್ತದೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವವರ ವಿಷಯ ಕೇಳಿದ್ದೀರಿ. ಅದು ಮೋಸ ಅಲ್ಲ. ಗೇಮ್ಸ್ ಡನ್ ಕ್ವಿಕ್ ಎಂಬ ಸಹಾಯಾರ್ಥ ಕೂಟದಲ್ಲಿ ಪಂಚ್ ಔಟ್ ಎಂಬ ಬಾಕ್ಸಿಂಗ್ ಆಟವನ್ನು ಬಟ್ಟೆ ಕಟ್ಟಿಕೊಂಡು ಜನರೆದುರೇ ಮುಗಿಸಿದ್ದಾರೆ. ಆದರೆ ಅವರು ಮೊದಲು ನೂರಾರು ಗಂಟೆ ಕಣ್ಣಿಂದ ನೋಡಿ ಕಲಿತು, ಆಮೇಲೆ ಬಟ್ಟೆ ಕಟ್ಟಿಕೊಂಡವರು. ನಾವು ಕಲಿಯುವುದನ್ನೇ ಬಟ್ಟೆ ಕಟ್ಟಿಕೊಂಡು ಶುರು ಮಾಡಬೇಕು. ನಿಮಗೆ ಒಂದು ಅನುಕೂಲ ಇದೆ, ಚಿಕ್ಕಂದಿನಲ್ಲಿ ನೋಡಿದ್ದೀರಿ. ಕಾಂಟ್ರಾದ ಮೊದಲ ಹಂತ ಕಣ್ಣು ಮುಚ್ಚಿದರೆ ಈಗಲೂ ಬರುತ್ತದಲ್ವಾ? ಆ ನೆನಪು ಕೆಲಸಕ್ಕೆ ಬರುತ್ತದೆ. ಬಂಡವಾಳ ಅಂತಲೇ ಅಂದುಕೊಳ್ಳಿ.

ಹಾಗೇ "ಕಣ್ಣು ಹೋದವರಿಗೆ ಕಿವಿ ತಾನಾಗೇ ಚುರುಕಾಗುತ್ತೆ" ಎಂಬುದನ್ನೂ ನಂಬಿ ಕೂರಬೇಡಿ. ಹುಟ್ಟಿನಿಂದ ಕಾಣದವರಲ್ಲಿ ಸದ್ದಿನ ದಿಕ್ಕು ಹಿಡಿಯುವ ಶಕ್ತಿ ಚೆನ್ನಾಗಿರುವುದುಂಟು. ಹುಟ್ಟಿದ ಎಷ್ಟೋ ವರ್ಷದ ಮೇಲೆ ದೃಷ್ಟಿ ಹೋದ ನಮ್ಮಂಥವರು ಅಭ್ಯಾಸ ಮಾಡಿಯೇ ಕಲಿಯಬೇಕು. ಮೊದಲ ವಾರ ಏನೂ ಗೊತ್ತಾಗುವುದಿಲ್ಲ. "ನನ್ನ ಕಿವಿಯೂ ಸರಿ ಇಲ್ವೇನೋ" ಎಂದು ಹೆದರಬೇಡಿ.

ಛಲ ಹಿಡಿದರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಟೆರ್ರಿ ಗ್ಯಾರೆಟ್ ಇದ್ದಾರೆ. 1998ರ ಜೆಲ್ಡಾ ಆಟ, ಆಕರಿನಾ ಆಫ್ ಟೈಮ್ ಎನ್ನುತ್ತಾರೆ, ಅದನ್ನು ಕಣ್ಣು ಕಾಣದೆ 2016ರಲ್ಲಿ ಮುಗಿಸಿದರು. ಸ್ಟೀರಿಯೋ ಸದ್ದು ಮತ್ತು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಉಳಿಸಿಕೊಳ್ಳುವ ಎಮ್ಯುಲೇಟರಿನ (ಹಳೇ ಯಂತ್ರದ ಆಟ ಓಡಿಸುವ ಪ್ರೋಗ್ರಾಂ) ಸೌಲಭ್ಯ, ಎರಡೂ ಅವರಿಗೆ ಒದಗಿ ಬಂದವು. ಹಿಡಿದದ್ದು ಐದು ವರ್ಷ. ಜನ ಮೊದಲರ್ಧ ಮಾತ್ರ ಹೇಳುತ್ತಾರೆ, ಐದು ವರ್ಷದ್ದು ಹೇಳುವುದಿಲ್ಲ.

ಈಗ ನೀವು ಏನು ಮಾಡಬಹುದು ನೋಡೋಣ.

ನನ್ನ ಮೊದಲ ಸಲಹೆ ಫೈಟಿಂಗ್ ಗೇಮ್. ಸ್ಟ್ರೀಟ್ ಫೈಟರ್ ಥರದ್ದು. ಕಾರಣ ಆಟದ ರಚನೆಯಲ್ಲೇ ಇದೆ. ನೆಲ ಸಮತಟ್ಟು, ಹಳ್ಳ ಇಲ್ಲ, ಪೈಪ್ ಇಲ್ಲ. ಇರುವುದು ಇಬ್ಬರೇ, ಒಂದೇ ಗೆರೆಯ ಮೇಲೆ. ನಿಮ್ಮ ಆಟಗಾರ ತಾನಾಗೇ ಎದುರಾಳಿಯ ಕಡೆ ತಿರುಗಿ ನಿಲ್ಲುತ್ತಾನೆ. ಪ್ರತಿಯೊಂದು ಏಟಿಗೂ ಒಂದು ಸದ್ದು. ಬೆಂಕಿ ಚೆಂಡು ಎಸೆಯುವಾಗ ಆ ಆಟದ ಹೋರಾಟಗಾರ ರ್‍ಯೂ "ಹಡೋಕೆನ್" ಎಂದು ಕೂಗುತ್ತಾನೆ, ಅದು ಕಿವಿಗೆ ಬಿದ್ದರೆ ಹಾರಬೇಕು ಅಥವಾ ತಡೆಯಬೇಕು. ಜಗತ್ತಿನಾದ್ಯಂತ ಕಣ್ಣು ಕಾಣದ ಆಟಗಾರರು ಈ ಜಾತಿಯ ಆಟಕ್ಕೇ ಅಂಟಿಕೊಂಡಿರುವುದು ಸುಮ್ನೆ ಅಲ್ಲ.

ತೊಂದರೆ ಒಂದೇ. ವಿಶೇಷ ಏಟುಗಳು ದಿಕ್ಕಿನ ಮೇಲೆ ನಿಂತಿವೆ. ಎದುರಾಳಿ ನಿಮ್ಮ ತಲೆ ಮೇಲಿಂದ ಹಾರಿ ಆಚೆ ಹೋದರೆ "ಮುಂದೆ" ಎಂಬುದು ಉಲ್ಟಾ ಆಗುತ್ತದೆ. ಹಾಗಾಗಿ ಶುರುವಿಗೆ ದಿಕ್ಕು ಬೇಡದ ಆಟಗಾರರನ್ನು ಆರಿಸಿ. ಚುನ್ ಲೀ ಕಿಕ್ ಬಟನ್ ಟಪಟಪ ಒತ್ತಿದರೆ ಒದೆಯ ಮಳೆ ಸುರಿಸುತ್ತಾಳೆ. ಬ್ಲಾಂಕಾಗೆ ಪಂಚ್ ಬಟನ್ ಹಾಗೇ ಒತ್ತಿದರೆ ಮೈಯೆಲ್ಲ ಕರೆಂಟು. ಹೊಂಡಾನ ಕೈಗಳೂ ಅಷ್ಟೆ. ಇನ್ನು ಸ್ಟಿಕ್‌ನಲ್ಲಿರುವ ಆಟ ಸ್ಟೀರಿಯೋನಾ ಮೋನೋನಾ ಅಂತ ನೀವೇ ಪರೀಕ್ಷಿಸಿ. ಹೆಡ್‌ಫೋನ್ ಹಾಕಿ, ಎಡಕ್ಕೆ ಒತ್ತಿ ಹಿಡಿದು ತುದಿಗೆ ಹೋಗಿ, ಪಂಚ್ ಒತ್ತಿ. ಸದ್ದು ಎಡಗಿವಿಗೆ ವಾಲಿದರೆ ಆ ಆಟ ನಿಮ್ಮದು. ನಡುವೆಯೇ ಉಳಿದರೆ ಇನ್ನೊಂದು ಆವೃತ್ತಿ ಹುಡುಕಿ. ಅಗ್ಗದ ಸ್ಟಿಕ್‌ಗಳಲ್ಲಿ ಒಂದೇ ಆಟ ನಾಲ್ಕೈದು ಹೆಸರಲ್ಲಿ ತುಂಬಿರುತ್ತಾರೆ. ಟಿವಿಯ ಸ್ಪೀಕರ್‌ನಲ್ಲಿ ಇದು ತಿಳಿಯುವುದಿಲ್ಲ, ಹೆಡ್‌ಫೋನೇ ಬೇಕು. ಮಾರ್ಟಲ್ ಕಾಂಬ್ಯಾಟ್ ಕೂಡ ಕಣ್ಣು ಕಾಣದವರ ನೆಚ್ಚಿನ ಆಟವೇ. ಆದರೆ ಅದರಲ್ಲಿ ರಕ್ತ ಜಾಸ್ತಿ, ಒಂಬತ್ತು ವರ್ಷದವನ ಮುಂದೆ ಬೇಡ.

ಎರಡನೆಯದು, ಮಗನ ಮಾತು ಕೇಳಿ ಆಡುವುದು. ಮಾರಿಯೋಗೆ ಇದೇ ಒಳ್ಳೆ ದಾರಿ. ಇಲ್ಲಿ ಎಲ್ಲರೂ ಎಡವುವುದು ಮಾತಿನ ಉದ್ದದಲ್ಲಿ. "ಅಪ್ಪ ಮುಂದೆ ಒಂದು ಹಳ್ಳ ಬರ್ತಿದೆ ನೋಡು" ಎಂದು ಮುಗಿಸುವ ಹೊತ್ತಿಗೆ ನೀವು ಹಳ್ಳದಲ್ಲಿರುತ್ತೀರಿ. ಮೊದಲೇ ಕೂತು ಪದಗಳನ್ನು ನಿಗದಿ ಮಾಡಿಕೊಳ್ಳಿ. ಹಳ್ಳಕ್ಕೆ "ಹಳ್ಳ". ಪೈಪಿಗೆ "ಪೈಪು", ಎತ್ತರದ್ದಾದರೆ "ದೊಡ್ಡದು". ಶತ್ರುವಿಗೆ "ಬಂತು". ನಿಲ್ಲಲು "ನಿಲ್". ಹಾರುವ ಕ್ಷಣಕ್ಕೆ ಒಂದೇ ಅಕ್ಷರ, "ಹಾ". ಹೆಸರು ಮೊದಲು, ಕ್ಷಣ ಆಮೇಲೆ: "ಹಳ್ಳ... ಹಾ!" ನಮ್ಮ ಮನೆಯಲ್ಲಿ ನನ್ನ ಅಕ್ಕನ ಮಗಳು ಇದನ್ನು ಕ್ರಿಕೆಟ್ ಕಾಮೆಂಟ್ರಿ ಥರ ಶುರು ಮಾಡಿದ್ದಳು. ಹತ್ತು ಸಲ ಸತ್ತ ಮೇಲೆ ತಾನೇ ಚಿಕ್ಕದು ಮಾಡಿಕೊಂಡಳು. ಮಕ್ಕಳಿಗೆ ಇದು ಬೇಗ ಬರುತ್ತದೆ. ಹೆಂಡತಿಯರಿಗೆ, ಗಂಡಂದಿರಿಗೆ ನಿಧಾನ. ಯಾಕೋ ಗೊತ್ತಿಲ್ಲ.

ಕಾಂಟ್ರಾ ಹೀಗೆ ಆಡುವುದಾದರೆ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂಬ ಮಂತ್ರ ನೆನಪಿರಬೇಕಲ್ಲ? ಟೈಟಲ್ ಬಂದಾಗ ಒತ್ತಿದರೆ 30 ಜೀವ. ಇಬ್ಬರು ಆಡುವುದಾದರೆ ಸ್ಟಾರ್ಟ್‌ಗೆ ಮೊದಲು ಸೆಲೆಕ್ಟ್. ಮೊದಲ ಹಂತ ಮಗನ ಹಿಂದೆ ಗುಂಡು ಹಾರಿಸುತ್ತಾ ಹೋಗಬಹುದು. ಮೂರನೇ ಹಂತ, ಆ ಜಲಪಾತದ್ದು, ಬಿಟ್ಟುಬಿಡಿ. ಅಲ್ಲಿ ಪರದೆ ಮೇಲಕ್ಕೆ ಹೋದರೆ ಕೆಳಗುಳಿದವನು ಸಾಯುತ್ತಾನೆ. ಮಗ ಮೇಲೆ ಹತ್ತಿದಷ್ಟೂ ನೀವು ಸಾಯುತ್ತಿರುತ್ತೀರಿ. ನಿಮ್ಮ ಜೀವ ಮುಗಿದ ಮೇಲೆ ಬಟನ್ ಒತ್ತಿದರೆ ಅವನ ಜೀವ ಕದಿಯಲೂಬಹುದು. ಆಗ ಜಗಳ ಗ್ಯಾರಂಟಿ.

ಮೂರನೆಯದು ಕಂಪ್ಯೂಟರಿನ ದಾರಿ. ಇದರಲ್ಲಿ ಮೈಗೆ ಕೆಲಸ ಜಾಸ್ತಿ, ಫಲವೂ ಜಾಸ್ತಿ. ಆಟ ಪರದೆಯಲ್ಲಿ ಹೇಳದಿದ್ದರೇನು, ಅದರ ಮೆಮೊರಿಯಲ್ಲಿ ಎಲ್ಲ ಬರೆದಿರುತ್ತದೆ. ಮಾರಿಯೋದಲ್ಲಿ ಎಷ್ಟು ಜೀವ ಉಳಿದಿದೆ ಎಂಬುದು 075ಎ ಎಂಬ ಜಾಗದಲ್ಲಿ ಕೂತಿರುತ್ತದೆ, ಒಂದು ಕಮ್ಮಿ ಮಾಡಿ. ಮೂರು ಜೀವ ಇದ್ದರೆ ಅಲ್ಲಿ 2 ಇರುತ್ತದೆ. ಕಂಪ್ಯೂಟರಿನಲ್ಲಿ ಹಳೇ ಯಂತ್ರದ ಥರ ನಟಿಸುವ ಪ್ರೋಗ್ರಾಂಗೆ ಎಮ್ಯುಲೇಟರ್ ಎನ್ನುತ್ತಾರೆ. ಕೆಲವು ಎಮ್ಯುಲೇಟರ್‌ಗಳಿಗೆ ಪುಟ್ಟ ಸ್ಕ್ರಿಪ್ಟ್ ಬರೆದು ಸೇರಿಸಬಹುದು. ಆ ಸ್ಕ್ರಿಪ್ಟ್ ಮೆಮೊರಿಯೊಳಗೆ ಇಣುಕಿ, ಅಲ್ಲಿರುವುದನ್ನು ಸ್ಕ್ರೀನ್ ರೀಡರ್‌ಗೆ ಕೊಟ್ಟು ಓದಿಸುತ್ತದೆ.

ಇದರ ಅತ್ಯುತ್ತಮ ಉದಾಹರಣೆ ಪೋಕೆಮಾನ್ ಕ್ರಿಸ್ಟಲ್. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಕಲರ್ ಯಂತ್ರದ ಆಟ, ಜಪಾನಿನಲ್ಲಿ 2000ದಲ್ಲಿ ಬಂತು. ಕಣ್ಣು ಕಾಣದ ಪ್ರೋಗ್ರಾಮರ್‌ಗಳೇ ಸೇರಿ ಅದಕ್ಕೆ ಸ್ಕ್ರಿಪ್ಟ್ ಬರೆದಿದ್ದಾರೆ. ಸಂಭಾಷಣೆ ಓದುತ್ತದೆ, ಮೆನು ಓದುತ್ತದೆ, ಊರಲ್ಲಿ ಯಾವ ಬಾಗಿಲು ಎಲ್ಲಿದೆ ಎಂದು ಪಟ್ಟಿ ಕೊಡುತ್ತದೆ, ಅಲ್ಲಿಗೆ ಹೋಗುವ ದಾರಿಯನ್ನೂ ಹೇಳುತ್ತದೆ. ಸರದಿಯ ಪ್ರಕಾರ ಆಡುವ ಆಟ, ಯಾರೂ ಅವಸರ ಮಾಡುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಮೊದಲ ದಿನ ರಾತ್ರಿ ಊಟ ಬಿಟ್ಟು ಆಡಿದ, ಅವನಮ್ಮ ನನಗೆ ಫೋನ್ ಮಾಡಿ ಬೈದರು. ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವ 1993ರ ಡೂಮ್‌ಗೂ ಟೋಬಿ ಎಂಬ ಹೆಸರಿನ ಸೇರ್ಪಡೆ ಇದೆ, ಗೋಡೆ, ಬಾಗಿಲು, ರಾಕ್ಷಸ ಎಲ್ಲಕ್ಕೂ ಸದ್ದು ಕೊಡುತ್ತದೆ. ಡೂಮ್ ಮಾಡಿದವರು 1997ರಲ್ಲಿ ಅದರ ಸೋರ್ಸ್ ಕೋಡ್, ಅಂದರೆ ಆಟದ ಮೂಲ ಬರಹ, ಬಿಟ್ಟುಕೊಟ್ಟಿದ್ದರಿಂದ ಇದಕ್ಕೆಲ್ಲ ದಾರಿಯಾಯಿತು. ಅದು ನಿಮಗೆ, ಮಗ ಮಲಗಿದ ಮೇಲೆ.

ಇದಕ್ಕೆ ಬೇಕಾದ್ದು ಒಂದು ಸಾಧಾರಣ ಲ್ಯಾಪ್‌ಟಾಪ್, ಎನ್‌ವಿಡಿಎ, ಒಂದು ಯುಎಸ್‌ಬಿ ಜಾಯ್‌ಸ್ಟಿಕ್. ಎನ್‌ವಿಡಿಎ ಪುಕ್ಕಟೆ, ಆಸ್ಟ್ರೇಲಿಯಾದ ಇಬ್ಬರು ಕಣ್ಣು ಕಾಣದ ಗೆಳೆಯರು ಕಟ್ಟಿ ಬೆಳೆಸಿದ್ದು. ರೆಟ್ರೋಆರ್ಕ್ ಎಂಬ ಎಮ್ಯುಲೇಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗ ಇದೆ. ಯಾರಾದರೂ ಒಮ್ಮೆ ಆನ್ ಮಾಡಿಕೊಟ್ಟರೆ ಮೆನು ಮಾತಾಡುತ್ತದೆ. ಸ್ಟಿಕ್‌ಗಿಂತ ಇದು ಎಷ್ಟೋ ವಾಸಿ. ಪರದೆಯ ಚಿತ್ರದಿಂದ ಅಕ್ಷರ ಓದಿಸಲು ಎನ್‌ವಿಡಿಎಯಲ್ಲಿ ಇನ್‌ಸರ್ಟ್ ಜೊತೆ ಆರ್ ಒತ್ತಬಹುದು. ಚುಕ್ಕೆ ಚುಕ್ಕೆಯ ಹಳೇ ಅಕ್ಷರಗಳಿಗೆ ಅದು ಆಗಾಗ ಮುಗ್ಗರಿಸುತ್ತದೆ, ಓಡುವ ಆಟಕ್ಕೆ ಉಪಯೋಗ ಇಲ್ಲ. ನಿಂತು ಓದುವ ಆಟಕ್ಕೆ ಸಾಕು.

ನಿಮಗೆ ಉಳಿದಿರುವ ದೃಷ್ಟಿಯನ್ನೂ ಮರೆಯಬೇಡಿ. ಎಲ್ಲರೂ "ದೊಡ್ಡ ಟಿವಿ ತಗೊಳ್ಳಿ, ಹತ್ತಿರ ಕೂತ್ಕೊಳ್ಳಿ" ಅನ್ನುತ್ತಾರೆ. ಕೊಳವೆಯಂಥ ದೃಷ್ಟಿ ಇರುವವರಿಗೆ ಇದು ಉಲ್ಟಾ. ಚಿತ್ರ ದೊಡ್ಡದಾದಷ್ಟೂ ಕೊಳವೆಯಿಂದ ಆಚೆ ಹೋಗುತ್ತದೆ. ಚಿತ್ರವನ್ನು ಚಿಕ್ಕದು ಮಾಡಿ, ಅಥವಾ ಸ್ವಲ್ಪ ಹಿಂದೆ ಸರಿದು ಕೂತು ನೋಡಿ. ಕೆಲವು ಎಮ್ಯುಲೇಟರ್‌ಗಳಲ್ಲಿ ಹಿನ್ನೆಲೆಯ ಚಿತ್ರವನ್ನೇ ಆಫ್ ಮಾಡಬಹುದು. ಬೆಟ್ಟ, ಮೋಡ ಎಲ್ಲ ಮಾಯವಾಗಿ ಬರೀ ಆಟಗಾರರು ಉಳಿಯುತ್ತಾರೆ. ನಿಮ್ಮ ಬಲಗಣ್ಣಿಗೆ ಅಷ್ಟು ಸಾಕಾಗಬಹುದು. ಆಟ ಆಡಿದರೆ ಉಳಿದ ದೃಷ್ಟಿಯೂ ಹೋಗುತ್ತೆ ಎಂದು ಯಾರಾದರೂ ಹೆದರಿಸಿದರೆ, ಈ ಕಾಯಿಲೆ ವಂಶವಾಹಿಯಿಂದ ಬರುವಂಥದ್ದು, ಟಿವಿಯಿಂದಲ್ಲ. ಅನುಮಾನ ಇದ್ದರೆ ಮುಂದಿನ ಸಲ ನಿಮ್ಮ ಕಣ್ಣಿನ ಡಾಕ್ಟರನ್ನೇ ಕೇಳಿಬಿಡಿ.

ಅಪಾಯಗಳೂ ಇವೆ. ಆಟದ ಫೈಲನ್ನು ರೋಮ್ ಎನ್ನುತ್ತಾರೆ. ಎಮ್ಯುಲೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಸಿಕ್ಕಸಿಕ್ಕ ತಾಣದಿಂದ ರೋಮ್ ಇಳಿಸುವುದು ಬೇರೆ ವಿಷಯ, ಅದರ ಹಕ್ಕು ಕಂಪನಿಯದು. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ, ಸರಿಯಾಗಿ ಕೊಂಡ ಪ್ರೋಗ್ರಾಮನ್ನು ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲು ಅವಕಾಶ ಇದೆ. 2012ರ ತಿದ್ದುಪಡಿಯಲ್ಲಿ ಅಂಗವಿಕಲರಿಗೆ ಬೇಕಾದ ರೂಪಕ್ಕೆ ಕೃತಿಯನ್ನು ಬದಲಿಸಿಕೊಳ್ಳುವ ಅವಕಾಶವೂ ಬಂತು. ಅದು ಪುಸ್ತಕಗಳಿಗೆ ಬಹಳ ಉಪಕಾರ ಮಾಡಿದೆ. ಅದನ್ನೇ ನೆಚ್ಚಿ ಯಾವ ಗೇಮ್ ಬೇಕಾದರೂ ಇಳಿಸಿಕೊಳ್ಳಿ ಎಂದು ಮಾತ್ರ ನಾನು ಹೇಳಲಾರೆ. ಕಾನೂನು ಬದಿಗಿಟ್ಟರೂ, ಆ ತಾಣಗಳಲ್ಲಿ ಸುಳ್ಳು ಡೌನ್‌ಲೋಡ್ ಬಟನ್‌ಗಳು ತುಂಬಿರುತ್ತವೆ. ಕಾಣುವವರು ನೋಡಿ ಬಿಡುತ್ತಾರೆ, ನಮ್ಮ ಸ್ಕ್ರೀನ್ ರೀಡರ್‌ಗೆ ಎಲ್ಲವೂ ಒಂದೇ "ಡೌನ್‌ಲೋಡ್, ಬಟನ್". ನಾನು ಒಮ್ಮೆ ಹೀಗೆ ಸಿಕ್ಕಿಹಾಕಿಕೊಂಡು ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ಮತ್ತೆ ಕಟ್ಟಬೇಕಾಯಿತು.

ಕಿವಿ ಜೋಪಾನ. ಇದನ್ನು ತಮಾಷೆ ಮಾಡಬೇಡಿ. ಆಟದ ಭರದಲ್ಲಿ ಸೌಂಡ್ ಏರಿಸುತ್ತಾ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಈ ಗಂಟೆಗಳು ಬೇಗ ಕರಗುತ್ತವೆ. ರಸ್ತೆ ದಾಟಲು ನಮಗಿರುವುದು ಇವೇ ಎರಡು ಕಿವಿ. ಮಗ ಪಕ್ಕದಲ್ಲಿ ಮಾಮೂಲಿ ದನಿಯಲ್ಲಿ ಮಾತಾಡಿದರೆ ಹೆಡ್‌ಫೋನ್ ಒಳಗೂ ಕೇಳಿಸಬೇಕು, ಅಷ್ಟಕ್ಕೇ ಇಡಿ.

ಇನ್ನು ಆ 14 ಸಾವಿರದ ಬಾಕ್ಸ್. ಬೇಡ. ಅಂಥ ಬಾಕ್ಸ್ ನನ್ನ ಕೈಗೂ ಒಮ್ಮೆ ಬಂದಿತ್ತು. ಒಳಗೆ ನಿಮ್ಮ ಸ್ಟಿಕ್‌ನಂಥದ್ದೇ ಸಾಮಾನು, ಮೇಲೆ ಬ್ರೈಲ್ ಸ್ಟಿಕ್ಕರ್. ಮೆನು ಮಾತಾಡುತ್ತಿರಲಿಲ್ಲ. ಮಾರುವವರನ್ನು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಆನ್ ಮಾಡಿ ಫೋನ್ ಹತ್ತಿರ ಹಿಡೀರಿ, ಕಣ್ಣು ಮುಚ್ಚಿಕೊಂಡು ಒಂದು ಆಟ ಶುರು ಮಾಡಿ ತೋರಿಸಿ." ಮುಂದೇನಾಗುತ್ತದೆ ನೀವೇ ಕೇಳಿಸಿಕೊಳ್ಳುತ್ತೀರಿ. ನಮಗಾಗಿ ಪ್ರಾಮಾಣಿಕವಾಗಿ ದುಡಿದವರೂ ಇಲ್ಲದಿಲ್ಲ. ಜಪಾನಿನ ಕೆಂಜಿ ಎನೋ 1997ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ಚಿತ್ರವೇ ಇಲ್ಲದ, ಬರೀ ಸದ್ದಿನ ಆಟ ಮಾಡಿದರು. ಸೆಗಾ ಕಂಪನಿಯ ಹತ್ತಿರ ಒಪ್ಪಂದ ಮಾಡಿಕೊಂಡು ಕಣ್ಣು ಕಾಣದವರಿಗೆ 1,000 ಯಂತ್ರಗಳನ್ನು ಉಚಿತವಾಗಿ ಕೊಡಿಸಿದರು. ಆ ಆಟ ಜಪಾನಿ ಭಾಷೆಯಲ್ಲಿ ಮಾತ್ರ ಇದೆ. ನಮಗೆ ದಕ್ಕಲಿಲ್ಲ.

ಡಕ್ ಹಂಟ್ ಬಿಟ್ಟೇಬಿಟ್ಟೆ. ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ಆ ಪಿಸ್ತೂಲು ಕೆಲಸ ಮಾಡುವುದು ಹಳೇ ದಪ್ಪ ಟಿವಿಯಲ್ಲಿ ಮಾತ್ರ, ನಿಮ್ಮ ಸ್ಟಿಕ್‌ನಲ್ಲಿ ಆಗುವುದಿಲ್ಲ. ಆದರೆ ಅಟ್ಟದ ಮೇಲೆ ಹಳೇ ಟಿವಿ, ಹಳೇ ಸೆಟ್ಟು ಇದ್ದರೆ ಇಳಿಸಿ. ಆ ಆಟದಲ್ಲಿ ಒಂದೇ ಬಾತುಕೋಳಿ ಹಾರುವ ಮೊದಲ ಬಗೆ ಇದೆಯಲ್ಲ, ಅದರಲ್ಲಿ ಮೊದಲನೇ ಜಾಯ್‌ಸ್ಟಿಕ್ ಹಿಡಿದವರು ಬಾತುಕೋಳಿಯನ್ನೇ ಓಡಾಡಿಸಬಹುದು. ನಮ್ಮಲ್ಲಿ ಇದು ಗೊತ್ತಿದ್ದವರು ಕಮ್ಮಿ. ಮಗ ಗುಂಡು ಹೊಡೆಯಲಿ, ನೀವು ಬಾತುಕೋಳಿಯಾಗಿ. ಎಲ್ಲಿ ಹಾರುತ್ತಿದ್ದೀರಿ ಎಂದು ನಿಮಗೇ ಗೊತ್ತಿಲ್ಲದಿರುವುದು ಇಲ್ಲಿ ಲಾಭ. ಮಗನಿಗೆ ಅಂದಾಜೇ ಸಿಗುವುದಿಲ್ಲ.

ಅಲ್ಲಿಯವರೆಗೆ ಇವತ್ತು ಸಂಜೆಯೇ ಸ್ಟ್ರೀಟ್ ಫೈಟರ್ ಹಾಕಿಸಿ. ಮಗ ಜಾಯ್‌ಸ್ಟಿಕ್ ಕೈಗೆ ಕೊಟ್ಟ ಕೂಡಲೇ, ಅವನು ಏನೂ ಮುಟ್ಟದಿರುವಾಗ, ಒಂದು ಸಲ ಪಂಚ್ ಒತ್ತಿ. ಗಾಳಿ ಸೀಳಿದ ಸದ್ದು ಬಂದರೆ ಅದು ಆನ್ ಇದೆ.